ಆಡದೆ ಅಳೆಯುವ ಲೋನಪ್ಪನ್

ತ್ರಿಶೂರಿನ ಪಕ್ಕದ ಒಲ್ಲೂರಿನಲ್ಲಿ ಲೋನಪ್ಪನ್ ಹೊಕ್ಕು ಬರದ ಮನೆಯಿರಲಿಲ್ಲ. ವಿದ್ಯುತ್ ಮೀಟರು ಓದುವ ಕೆಲಸ ಅವರದು. ಬೀದಿಯ ನಾಯಿಗಳು ಸಹ ಅವರನ್ನು ಕಂಡರೆ ಬೊಗಳುವುದನ್ನು ಬಿಟ್ಟಿದ್ದವು. ನಿವೃತ್ತರಾದ ಮೇಲೆ ಅಳೆಯಲು ಏನೂ ಇಲ್ಲದೆ ಕೈ ಕಡಿಯತೊಡಗಿತು. ಕೆಲವು ದಿನ ಬಾವಿಯ ನೀರನ್ನು ಅಳೆದರು, ಆಮೇಲೆ ಹಾಲಿನವನ ಹಾಲನ್ನು. ಹಾಲಿನವನು ಮಾತು ಬಿಟ್ಟ.

ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಕಂಪ್ಯೂಟರ್ ಮನೆಯಲ್ಲಿತ್ತು. ಶಾಲೆಯ ಟೀಚರ್ ಆಕೆ, ಹಾಗಾಗಿ ಅದರಲ್ಲಿದ್ದದ್ದು ಕೇರಳದ ಶಾಲೆಗಳು ವಿಂಡೋಸ್ ಬದಲು ಬಳಸುವ ಲಿನಕ್ಸ್. ಅದರ ತಂಟೆ ತಕರಾರು ಕೇಳಲು ನಮ್ಮ ಊರಿನ ಲಿನಕ್ಸ್ ಕೂಟಕ್ಕೆ ಒಮ್ಮೆ ಬಂದವರು, ಯಾರೋ ಆಡುತ್ತಿದ್ದ ವಿಡಿಯೊ ಗೇಮಿನ ಮೂಲೆಯಲ್ಲಿ ಒಂದು ಅಂಕಿ ಕುಣಿಯುವುದನ್ನು ನೋಡಿ ನಿಂತುಬಿಟ್ಟರು.

"ಇದ್ಯಾವ ಮೀಟ್ರು?" ಎಂದು ನನ್ನನ್ನು ಕೇಳಿದರು.

"ಸೆಕೆಂಡಿಗೆ ಎಷ್ಟು ಚಿತ್ರ ಮೂಡ್ತಿದೆ ಅಂತ ತೋರಿಸುತ್ತೆ, ಲೋನಪ್ಪೇಟ್ಟಾ. ಜಾಸ್ತಿ ಇದ್ರೆ ಆಟ ನುಣ್ಣಗೆ ಓಡುತ್ತೆ." ಏಟ್ಟನೆಂದರೆ ನಮ್ಮಲ್ಲಿ ಅಣ್ಣ.

ಅಷ್ಟೇ ಸಾಕಾಯಿತು. ವಾರದೊಳಗೆ, ಚಿತ್ರ ಮೂಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡೊಂದನ್ನು ತಂದು ಕೂರಿಸಿದರು. ಗೇಮಿನಲ್ಲಿ ಒಬ್ಬ ಕುದುರೆ ಸವಾರ. ಅವನು ಹಳ್ಳಿಯಿಂದ ಹೊರಟು ಕೆರೆಯ ದಂಡೆಗೆ ಬರಬೇಕು, ಇವರು ಅಂಕಿ ಬರೆದುಕೊಳ್ಳಬೇಕು, ಮತ್ತೆ ಹಳ್ಳಿಗೆ ಹೋಗಿ ಹೊರಡಬೇಕು. ಅದಕ್ಕಿಂತ ಮುಂದೆ ಅವರು ಆ ಗೇಮನ್ನು ಆಡಿದವರೇ ಅಲ್ಲ. ದಾರಿಯಲ್ಲಿ ಕಳ್ಳರು ಅಡ್ಡಗಟ್ಟಿದರೂ ಕತ್ತಿ ಹಿರಿಯುತ್ತಿರಲಿಲ್ಲ.

"ಏ ಮನುಷ್ಯಾ, ಅವ್ರು ಹೊಡೀತಿದ್ರೆ ಸುಮ್ನೆ ಹೊಡೆಸ್ಕೊಳ್ತೀರಲ್ಲ!" ಎಂದು ಹೆಂಡತಿ ತ್ರೇಸ್ಯಾ ಅಡುಗೆಮನೆಯಿಂದಲೇ ಕೂಗುತ್ತಿದ್ದರು.

"ನಾನು ತಿರುಗಿ ಹೊಡೆದ್ರೆ ಅಳತೆ ಕೆಡುತ್ತೆ ಕಣೇ, ಎಡೀ."

"ಕುದುರೆಗಾದ್ರೂ ಒಂದು ಹಿಡಿ ಹುಲ್ಲು ಹಾಕಿ. ಪಾಪ, ಮೂಳೆ ಬಿಟ್ಕೊಂಡಿದೆ."

ಆ ಅಂಕಿಗಳನ್ನು ಲೋನಪ್ಪನ್ ಇಂಟರ್ನೆಟ್ಟಿನ ಚರ್ಚಾಕೂಟವೊಂದರಲ್ಲಿ ಹಾಕುತ್ತಿದ್ದರು. ಎಲ್ಲೆಲ್ಲಿಯವರೋ ಅವನ್ನು ಕಾದು ಓದುತ್ತಿದ್ದರು. ಯಾರದೋ ಮನೆಯ ಬಾಗಿಲು ತಮಗಾಗಿ ಮತ್ತೆ ತೆರೆದಂತೆ ಲೋನಪ್ಪನ್ನರ ಮುಖ ಅರಳಿತ್ತು.

ಜೂನಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಹೊಸದು ಬಂತು. ಎಲ್ಲರೂ ಓಟ ಹೆಚ್ಚಾಯಿತೆಂದು ಹಿಗ್ಗಿದರು. ಲೋನಪ್ಪನ್ನರ ಕುದುರೆ ಮಾತ್ರ ಅಂಕಿ ಇಳಿದು ಕುಂಟಿತು. ಮರುದಿನವೂ ಅದೇ ಕುಂಟು. ಮುಂದಿನ ವಾರ ಹಳೆಯ ಡ್ರೈವರನ್ನೇ ಮತ್ತೆ ಹಾಕಿ ನೋಡಿದರು. ಕುದುರೆ ಚಂಗನೆ ಹಾರಿತು! "ಹೊಸ ಡ್ರೈವರ್ ಕೆಟ್ಟಿದೆ, ನನ್ನ ಬಳಿ ಪುರಾವೆಯಿದೆ" ಎಂದು ದೊಡ್ಡದಾಗಿ ಬರೆದರು.

ಆ ಡ್ರೈವರನ್ನು ಬರೆದವರಲ್ಲಿ ಲಿಬುಷೆ ಎಂಬ ಝೆಕ್ ಹೆಂಗಸೊಬ್ಬಳಿದ್ದಳು. "ಅಳೆಯುವಾಗ ಕಾರ್ಡು ಎಷ್ಟು ಬಿಸಿಯಾಗಿತ್ತು, ದಯವಿಟ್ಟು ತಿಳಿಸುತ್ತೀರಾ?" ಎಂದು ಕೇಳಿದಳು.

ಲೋನಪ್ಪನ್ ಕೆಂಡವಾದರು. ನಮ್ಮ ಮನೆಗೇ ಬಂದು ಕುಳಿತರು. "ಮಳೆಗಾಲದಲ್ಲಿ ಬಿಸಿಯಂತೆ! ಮೀಟ್ರು ಓದೋದನ್ನ ಇವ್ಳು ನನಗೆ ಕಲಿಸ್ತಾಳಾ?"

"ಒಂದು ಸಲ ನೋಡಿಬಿಡೋಣ ಬನ್ನಿ, ಅವಳ ಬಾಯಿ ಮುಚ್ಚಿಸಬಹುದು" ಎಂದು ನಾನೇ ಅವರ ಮನೆಗೆ ಹೊರಡಿಸಿದೆ.

ಹೊಸ ಡ್ರೈವರ್ ಹಾಕಿದೆವು, ಕುದುರೆ ಓಡಿತು. ಕಾರ್ಡಿನ ಬಿಸಿ ಏರಿತು, ಏರಿತು, ದೋಸೆ ಹುಯ್ಯಬಹುದೆನ್ನುವಷ್ಟು ಏರಿತು. ಸುಟ್ಟುಹೋಗಬಾರದೆಂದು ಕಾರ್ಡು ತಾನೇ ತನ್ನ ವೇಗವನ್ನು ಇಳಿಸಿಕೊಂಡಿತು, ಕುದುರೆ ಕುಂಟಿತು. ಫ್ಯಾನು ಭೋರೆನ್ನುತ್ತಿತ್ತು. ಲೋನಪ್ಪನ್ ಮುಂಡು ಎತ್ತಿ ಕಟ್ಟಿ ಮೇಜಿನ ಕೆಳಗೆ ನುಸುಳಿದರು.

ಕಂಪ್ಯೂಟರಿನ ಬೆನ್ನು ಅಡುಗೆಮನೆಯ ಕಡೆಗಿತ್ತು. ಬಿಸಿಗಾಳಿ ಹೊರಬೀಳುವ ಜಾಲರಿಗೆ ಒತ್ತಿಕೊಂಡು ಒಂದು ಮೊರ ನಿಂತಿತ್ತು. ಮೊರದ ತುಂಬ, ಮಜ್ಜಿಗೆಯಲ್ಲಿ ನೆನೆಸಿದ ಬಾಳಕದ ಮೆಣಸಿನಕಾಯಿ.

"ತ್ರೇಸ್ಯೇ!"

"ಏನು ಕಿರುಚ್ತೀರಿ? ಬಿಸಿಲಿಲ್ಲ, ಇನ್ನೆಲ್ಲಿ ಒಣಗಿಸ್ಲಿ? ಆ ಪೆಟ್ಟಿಗೆ ಸುಮ್ನೆ ಬಿಸಿಗಾಳಿ ಬಿಡ್ತಾ ಕೂತಿತ್ತು."

"ಹಳೇ ಡ್ರೈವರ್ ಹಾಕಿದ ದಿನ ಇದು ಇತ್ತಾ?"

ತ್ರೇಸ್ಯಾ ಲೆಕ್ಕ ಹಾಕಿದರು. "ಅವತ್ತು ಇರ್ಲಿಲ್ಲ. ಮೊದಲ್ನೇದು ಒಣಗಿ ಭರಣಿಗೆ ಹೋಗಿತ್ತು. ಎರಡನೇದು ಇನ್ನೂ ಮಜ್ಜಿಗೇಲಿತ್ತು. ಯಾಕೆ, ಅದನ್ನೂ ಅಳೀಬೇಕಿತ್ತಾ?"

ಲೋನಪ್ಪನ್ ಮೇಜಿನ ಕೆಳಗೇ ಕುಳಿತುಬಿಟ್ಟರು. ಮೊರ ತೆಗೆದು ನೋಡಿದರೆ ಹೊಸ ಡ್ರೈವರೇ ಮುಂದು. ಎರಡು ದಿನ ಅವರು ಕಂಪ್ಯೂಟರ್ ಮುಟ್ಟಲಿಲ್ಲ, ಊಟಕ್ಕೂ ಸರಿಯಾಗಿ ಏಳಲಿಲ್ಲ. ಸುಮ್ಮನೆ ಹಳೆಯ ಬರಹವನ್ನು ಅಳಿಸಿಬಿಡಿ, ಯಾರು ಕೇಳುತ್ತಾರೆ ಎಂದೆ.

"ತಪ್ಪು ರೀಡಿಂಗ್ ಅಳಿಸಿದ್ರೆ ಸಾಕಾ? ಆ ಹೆಂಗಸಿನ ಕೆಲಸಕ್ಕೆ ಹೆಸರು ಕೆಡಿಸಿದೀನಲ್ಲ."

ಮೂರನೆಯ ದಿನ ಮೊರದ ಫೋಟೊ ಸಮೇತ ಇದ್ದದ್ದನ್ನು ಇದ್ದ ಹಾಗೇ ಬರೆದು ಕ್ಷಮೆ ಕೇಳಿದರು. ಚರ್ಚಾಕೂಟ ನಕ್ಕು ಸುಸ್ತಾಯಿತು. ಒಬ್ಬ ಬಾಳಕ ಮಾಡುವ ಬಗೆ ಕೇಳಿದ. ನಮ್ಮ ಊರಿನ ಕೂಟದಲ್ಲಂತೂ "ಲೋನಪ್ಪೇಟ್ಟಾ, ಇವತ್ತೇನು ಒಣಗ್ತಿದೆ?" ಎನ್ನದೆ ಯಾರೂ ಕುರ್ಚಿ ಕೊಡುತ್ತಿರಲಿಲ್ಲ. ಮೊದಮೊದಲು ಮುಖ ಊದಿಸಿಕೊಂಡರು, ಆಮೇಲೆ ತಾವೇ ಒಂದು ಡಬ್ಬಿ ಬಾಳಕ ಹುರಿದು ತಂದು ಹಂಚಿದರು.

ಲಿಬುಷೆ ನಗಲಿಲ್ಲ. ಇಷ್ಟು ಶ್ರದ್ಧೆಯಿಂದ ತಪ್ಪು ಮಾಡಿದವರನ್ನು ತಾನು ಕಂಡಿಲ್ಲವೆಂದು ಬರೆದಳು. ಅಳತೆಯ ತಂತ್ರಾಂಶದಲ್ಲಿ ಕಾರ್ಡು ಮಿತಿಮೀರಿ ಕಾದರೆ ಎಚ್ಚರಿಸುವ ಸಾಲೊಂದನ್ನು ಸೇರಿಸಿ, ಕೃತಜ್ಞತೆಯ ಪಟ್ಟಿಯಲ್ಲಿ ಲೋನಪ್ಪನ್ನರ ಹೆಸರು ಹಾಕಿದಳು. ಅವರು ಹೆಂಡತಿಯನ್ನು ಕರೆದು ತೋರಿಸಿದರು.

ತ್ರೇಸ್ಯಾ ಕನ್ನಡಕ ಏರಿಸಿ ಓದಿದರು. "ಮೊರ ಇಟ್ಟೋಳು ನಾನು. ಹೆಸರು ನಿಮ್ದಾ?"

ಲೋನಪ್ಪನ್ ಆಗಲೇ ಕೂತು ಲಿಬುಷೆಗೆ ಕಾಗದ ಬರೆದರು. ಈಗ ಅಲ್ಲಿ ಎರಡೂ ಹೆಸರುಗಳಿವೆ, ತ್ರೇಸ್ಯಾರದು ಮೊದಲು.