ಹೊತ್ತು ಮುಳುಗುವ ಮುಂಚಿನ ಊಟ

ತೊಂಬತ್ತರ ದಶಕದಲ್ಲಿ ಮೂಡಲಗಿಯಿಂದ ಮದುವೆಯಾಗಿ ಗೋಕಾಕ ಫಾಲ್ಸಿಗೆ ಬಂದಾಗ, ಇನ್ನು ದಿನಾ ಜಲಪಾತ ನೋಡುತ್ತಾ ಇರಬಹುದು ಅಂದುಕೊಂಡಿದ್ದೆ. ನೋಡಿದ್ದು ಒಲೆಯನ್ನು. ಅತ್ತೆಯದೊಂದು ಖಾನಾವಳಿ ಇತ್ತು. ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಧುಮುಕುವಷ್ಟು ದಿನ ಜನವೋ ಜನ. ಆಮೇಲೆ ಬರಿ ಬಂಡೆ ನೋಡಲು ಯಾರು ಬರುತ್ತಾರೆ? ಆ ಗಳಿಕೆಯಲ್ಲೇ ವರ್ಷ ಸಾಗಬೇಕು. ಜೋಳ ಬರುತ್ತಿದ್ದದ್ದು ಬೆಲ್ಲದ ಬಾಗೇವಾಡಿ ಊರಿನಿಂದ, ಮೊಸರು ಹಿಂದಿನ ಓಣಿಯದು, ರೊಟ್ಟಿ ಬಡಿಯಲು ನೆರೆಮನೆಯ ಹೆಂಗಸರು. ನಮ್ಮ ಒಲೆ ಉರಿದರೆ ಅವರ ಒಲೆಯೂ ಉರಿಯುತ್ತಿತ್ತು.

ತೊಡಕು ಒಂದೇ. ನಾವು ಜೈನರು, ಅತ್ತೆ ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ, ಕತ್ತಲಲ್ಲಿ ಒಲೆ ಹಚ್ಚಿ ಹುಳ ಸಾಯಿಸುವವರೂ ಅಲ್ಲ. ಪ್ರವಾಸಿಗರಿಗೋ ಹಸಿವಾಗುವುದೇ ತೂಗುಸೇತುವೆಯ ಮೇಲೆಲ್ಲ ಓಡಾಡಿ, ಮಬ್ಬುಗತ್ತಲಲ್ಲಿ ಮರಳಿದಾಗ. ಎದುರಿಗೆ ಟ್ಯೂಬ್‌ಲೈಟಿನ ಹೊಸ ಹೋಟೆಲು ಬಂದು ನಮ್ಮ ಗಿರಾಕಿಗಳು ಅತ್ತ ಜಾರುತ್ತಿದ್ದರು. ನನ್ನ ಗಂಡನಿಗೆ ಹೊಟ್ಟೆಯುರಿ. ಗೋಕಾಕಕ್ಕೆ ಹೋದಾಗ ಕತ್ತಲಾದ ಮೇಲೂ ಭಜಿ ತಿಂದು, ಬಾಯಿ ಒರೆಸಿಕೊಂಡು ಮನೆಗೆ ಬರುವ ಮನುಷ್ಯ ಅವರು.

"ಹಿಂಗ ಆದ್ರ ಖಾನಾವಳಿ ಮುಚ್ಚಬೇಕಾಗ್ತೈತಿ, ಅವ್ವಾ."

"ಮುಚ್ಚಿದ್ರ ಮುಚ್ಚಲಿ. ಕತ್ಲಾಗ ನಾ ಒಲಿ ಹಚ್ಚಂಗಿಲ್ಲ" ಎಂದರು ಅತ್ತೆ.

ನಾನು ಒಳಗೊಳಗೇ ಗಂಡನ ಕಡೆಗಿದ್ದೆ.

ಶ್ರಾವಣದ ಒಂದು ಭಾನುವಾರ ಬಡಿಸಿ ಬಡಿಸಿ ಸಾಕಾಗಿ, ಒಲೆ ಆರಿಸಿ, ನಾವು ಮೂವರೂ ಊಟಕ್ಕೆ ಕೂತೆವು. ಹೊತ್ತು ಇನ್ನೇನು ಮುಳುಗುವುದರಲ್ಲಿತ್ತು. ಆಗ ಪುಣೆಯ ಕುಟುಂಬವೊಂದನ್ನು ಕರೆದುಕೊಂಡು ಹತ್ತರಗಿಯ ಜೀಪು ಡ್ರೈವರ್ ಬಂದ. ಎದುರಿನ ಹೋಟೆಲಿನಲ್ಲಿ ಎಲ್ಲ ತೀರಿಹೋಗಿತ್ತಂತೆ. ಮಕ್ಕಳು ಹಸಿವಿನಿಂದ ಅಳುತ್ತಿದ್ದವು. ಅತ್ತೆ ಎದ್ದರು. ಬಿಸಿ ಅಡುಗೆ ಇಲ್ಲ ಎಂದು ಮರಾಠಿಯಲ್ಲೇ ಹೇಳಿ, ನಮಗೆಂದು ಇಟ್ಟಿದ್ದ ರೊಟ್ಟಿ, ಝುಣಕ, ಮೊಸರು ಎಲ್ಲವನ್ನೂ ಅವರಿಗೆ ಬಡಿಸಿಬಿಟ್ಟರು.

ಅವರು ಕೈ ತೊಳೆಯುವಷ್ಟರಲ್ಲಿ ಸೂರ್ಯ ಮುಳುಗಿದ್ದ.

"ನಿಮ್ಮದೂ ಊಟಾ ಆತೇನ್ರಿ, ಅಕ್ಕಾರ?" ಡ್ರೈವರ್ ನನ್ನನ್ನು ಕೇಳಿದ. ಹಸಿದವಳಿಗೆ ನಯ ಎಲ್ಲಿಂದ ಬರಬೇಕು?

"ಅದ ನಿಮ್ಮ ಹೊಟ್ಟ್ಯಾಗ ಹೋತಲ್ರಿ. ಹೊತ್ತ ಮುಳಗಿದ ಮ್ಯಾಲ ಈ ಮನ್ಯಾಗ ಯಾರೂ ಉಣ್ಣಂಗಿಲ್ಲ."

ಆತನ ಮುಖ ಸಣ್ಣದಾಯಿತು. ಅಂದು ನನ್ನ ಗಂಡ, ಅದೇ ಭಜಿಯ ಮನುಷ್ಯ, ಒಂದು ಗುಟುಕು ನೀರನ್ನೂ ಕುಡಿಯದೆ ತಾಯಿಯ ಪಕ್ಕದಲ್ಲಿ ಕೂತಿದ್ದರು. ಅವರ ಮೇಲೆ ಅಷ್ಟು ಪ್ರೀತಿ ನನಗೆ ಮದುವೆಯ ದಿನವೂ ಬಂದಿರಲಿಲ್ಲ.

ಮುಂದಿನ ವಾರ ಆ ಡ್ರೈವರ್ ಹೊಸ ಮಂದಿಯನ್ನು ಬಿಸಿಲಿರುವಾಗಲೇ ಊಟಕ್ಕೆ ಕರೆತಂದ. ಮೊದಲು ಊಟ, ಆಮೇಲೆ ಫಾಲ್ಸು. ಅವನನ್ನು ನೋಡಿ ಹತ್ತರಗಿ, ಕಣಗಲಾ ಕಡೆಯ ಬೇರೆ ಡ್ರೈವರುಗಳೂ ಹಾಗೇ ಮಾಡತೊಡಗಿದರು. ಊರು ನೋಡಲು ಬಂದವರು ಊರಿನ ಹೊತ್ತನ್ನೂ ತಿಳಿದುಕೊಳ್ಳಬಹುದು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಖಾನಾವಳಿ ಉಳಿಯಿತು, ಕತ್ತಲಲ್ಲಿ ಒಲೆ ಹಚ್ಚದೆಯೇ.

ಆ ಡ್ರೈವರ್ ಮಾತ್ರ ಬಂದಾಗಲೆಲ್ಲ ಮಂದಿಯನ್ನು ಹೊರಗೇ ನಿಲ್ಲಿಸಿ, ತಾನೊಬ್ಬನೇ ಅಡುಗೆಮನೆಯ ಬಾಗಿಲಿಗೆ ಬಂದು ಅತ್ತೆಯನ್ನು ಕೇಳುತ್ತಿದ್ದ.

"ಆಯಿ, ನಿಮ್ಮ ಮೂರೂ ಮಂದೀ ಊಟಾ ತಗದ ಇಟ್ಟೀರೇನ್ರಿ? ತೋರಸ್ರಿ. ಆಮ್ಯಾಲ ಇವರನ್ನ ಕುಂದರಸ್ತೇನಿ."