ಅವ್ವನ ಕಣ್ಣೀರಿಗೆ ಕಾವಲು

ನಿನ್ನೆ ನೆರೆಮನೆಯ ಬಾಣಂತಿಗೆ ಓಮಿನ ಹೊಗೆ ಹಾಕಿದ್ದರು. ಆ ವಾಸನೆ ಗೋಡೆ ದಾಟಿ ಬಂತು. ಗೋಕಾಕದಿಂದ ನನ್ನನ್ನು ನೋಡಲು ಬಂದಿದ್ದ ತಮ್ಮ ಚಹಾದ ಬಟ್ಟಲು ಕೆಳಗಿಟ್ಟು, "ನಮ್ಮವ್ವಗ ನಾ ಬ್ಯಾಡಾಗಿದ್ದೆ ಬಿಡಕ್ಕಾ. ಒಮ್ಮಿನೂ ತೊಡಿಮ್ಯಾಲ ಕುಂಡ್ರಿಸ್ಕೊಳ್ಳಲಿಲ್ಲ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮೇಲಲ್ಲ. ಯಾರ ಮೇಲೆ, ಹೇಳುತ್ತೇನೆ ಕೇಳಿ.

ಅವನು ಹುಟ್ಟಿದ್ದು ಕುಲಗೋಡದ ನಮ್ಮ ಮನೆಯಲ್ಲಿ, ಏಳನೆಯ ತಿಂಗಳಿಗೆ. ಅಂಗೈಯಷ್ಟು ಕೂಸು. ಹಿಂಜಿದ ಹತ್ತಿಯಲ್ಲಿ ಸುತ್ತಿ ಮೊರದಲ್ಲಿ ಮಲಗಿಸಿದ್ದರು. ಗೋಡೆಗೆ ಮುಖ ಮಾಡಿ ಮಲಗಿದ ಅವ್ವ ಏಳಲೇ ಇಲ್ಲ. ಉಣ್ಣಲಿಲ್ಲ, ಹೆರಳು ಹಾಕಿಕೊಳ್ಳಲಿಲ್ಲ, ಸುಮ್ಮನೆ ಕಣ್ಣೀರು. ಅಪ್ಪನ ತಾಯಿ, ನಮ್ಮ ಆಯಿ, ತೀರ್ಪು ಕೊಟ್ಟುಬಿಟ್ಟಳು: "ಅಳೂ ಬಾಣಂತಿ ಹಾಲು ಕೂಸಿಗೆ ವಿಷ. ಕಣ್ಣೀರು ನಿಲ್ಲೂತನಕ ಮುಟ್ಟಬಾರ್ದು." ಚಿಕ್ಕಪ್ಪನ ಹೆಂಡತಿ ಕಾಕುವಿಗೂ ಆಗ ಎಳೆಗೂಸಿತ್ತು, ನಮ್ಮ ಕೂಸೂ ಅವಳ ಮಡಿಲಿಗೆ ಹೋಯಿತು. ಅಪ್ಪ? ಅಪ್ಪ ಹೊಲಕ್ಕೆ ಹೋದ. ನಮ್ಮ ಮನೆಯ ಗಂಡಸರಿಗೆ ಇಂಥ ಹೊತ್ತಿನಲ್ಲೇ ಹೊಲದಲ್ಲಿ ಎಲ್ಲಿಲ್ಲದ ಕೆಲಸ.

ಇನ್ನು ಅವ್ವ ಅತ್ತಳೋ ಇಲ್ಲವೋ ನೋಡಲು ಒಬ್ಬರು ಬೇಕಲ್ಲ? ಆ ದೊಡ್ಡ ಹುದ್ದೆ ಎಂಟು ವರ್ಷದ ನನಗೆ ಸಿಕ್ಕಿತು! ದಿನಾ ಸಂಜೆ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳುತ್ತಿದ್ದೆ: "ಇವತ್ತೂ ಅತ್ತಾಳ, ಆಯಿ." ಕೈಗೊಂದು ಬೆಲ್ಲದ ಚೂರು ಬೀಳುತ್ತಿತ್ತು. ಸುಳ್ಳು ಹೇಳಬಾರದೆಂದು ಕಲಿಸಿದ್ದರು ನೋಡಿ. ನನ್ನ ಆ ಸತ್ಯಕ್ಕಿಷ್ಟು ಬೆಂಕಿ ಹಾಕ!

ಅವ್ವ ದಿನಾ ಕೇಳುತ್ತಿದ್ದಳು. "ಅತ್ತಿ, ಒಮ್ಮಿ ಕೊಡ್ರಿ. ಮುಖಾ ನೋಡಿ ಕೊಟ್ಟಬಿಡ್ತೇನ್ರಿ."

"ಮೊದಲ ಅಳೂದು ಬಿಡು, ಕೊಡ್ತೇನಿ."

ಕೂಸು ಕೊಡದೆ ಅಳು ಹೇಗೆ ನಿಂತೀತು? ಇಷ್ಟು ತಿಳಿಯುವ ಒಂದು ತಲೆಯೂ ಆ ಮನೆಯಲ್ಲಿರಲಿಲ್ಲ. ಇದ್ದರೂ ಬಾಯಿ ಇರಲಿಲ್ಲ.

ಆರು ತಿಂಗಳಿಗೆ ಅವ್ವನ ಕಣ್ಣು ಬತ್ತಿದವು. ಆಗ ಕೂಸನ್ನು ತಂದು ಕೊಟ್ಟರು. ಅವನು ಚಿಟ್ಟನೆ ಚೀರಿ ಕಾಕುವಿನತ್ತ ಕೈ ಚಾಚಿದ. ಅವ್ವ ಸ್ವಲ್ಪ ಹೊತ್ತು ಅವನ ಮುಖ ನೋಡಿ, "ನೀನ ಇಟ್ಕೋ ತಂಗಿ" ಎಂದು ಕಾಕುವಿಗೆ ತಾನೇ ತಿರುಗಿ ಕೊಟ್ಟಳು. ಆಮೇಲೆ ಎಂದೂ ಕೇಳಲಿಲ್ಲ.

ನಿನ್ನೆ ತಮ್ಮನಿಗೆ ಎಲ್ಲ ಹೇಳಿದೆ, ನನ್ನ ಕಾವಲು ಕೆಲಸವನ್ನೂ ಬಿಡದೆ. ಬೈಯಲಿ ಎಂದು ಕಾದೆ. ಅವನು ಬೈಯಲಿಲ್ಲ.

"ಖರೇನ ದಿನಾ ಕೇಳ್ತಿದ್ಲೇನಕ್ಕಾ?"

"ದಿನಾ ಕೇಳ್ತಿದ್ಲೋ."

ನಲವತ್ತು ಸಮೀಪಿಸಿದ ಗಂಡಸು ಟೊಪ್ಪಿಗೆ ತೆಗೆದು ಮುಖಕ್ಕೆ ಒತ್ತಿಕೊಂಡು ಗೊಳೋ ಎಂದು ಅತ್ತ. ಅವ್ವ ಹೋದದ್ದು ಹೋದ ವರ್ಷ. ಅದಕ್ಕೂ ಮೊದಲೇ ನಾನು ಬಾಯಿ ಬಿಟ್ಟಿದ್ದರೆ, ಅವಳ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದ. ಆಯಿಯನ್ನು ಬೈದು ಏನು ಬಂತು? ಅದನ್ನು ತಪ್ಪಿಸಿದವಳು ನಾನು.