ವೈಶಾಲಿ ಬರೆಯದ ಮೇಲ್

ಸಂದರ್ಶನಕ್ಕೆ ಬರುವುದಿಲ್ಲ ಅಂತ ನೀವೇ ಮೇಲ್ ಮಾಡಿದ್ದೀರಲ್ಲ ಎಂದು ಕೊಲ್ಹಾಪುರದ ಪ್ರಕಾಶಕರ ಕಚೇರಿಯವರು ಮರಾಠಿಯಲ್ಲಿ ಹೇಳಿದಾಗ, ನಮ್ಮ ವೈಶಾಲಿ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳಂತೆ. ಅಂಥ ಮೇಲ್ ಅವಳು ಬರೆದೇ ಇರಲಿಲ್ಲ.

ವೈಶಾಲಿ ನನ್ನ ಕಾಕಾನ ಮಗಳು. ಹುಕ್ಕೇರಿಯ ಮನೆಯಲ್ಲಿ ಕೂತು ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುತ್ತಾಳೆ. ಪ್ರಕಾಶಕರ ಕಚೇರಿಯಲ್ಲಿ ಇಂಥದೊಂದು ಕೆಲಸಕ್ಕಾಗಿ ವರ್ಷಗಟ್ಟಲೆ ಕಾದವಳು. ಬೇಡ ಅನ್ನುತ್ತಾಳೆಯೇ?

ನನಗೆ ಫೋನ್ ಮಾಡಿದಳು. (ಮೂಡಲಗಿಯ ಶಾಲೆಯಲ್ಲಿ ನಾನು ಕಂಪ್ಯೂಟರ್ ಕಲಿಸುವವಳು. ಬಳಗದಲ್ಲಿ ಯಾರ ಪ್ರಿಂಟರ್ ಕೆಟ್ಟರೂ ಕರೆ ನನಗೇ.)

"ಅಕ್ಕಾ, ಇನ್ನೊಂದ ಮಾತ ಐತಿ. ಕೊಲ್ಹಾಪುರದಾಗ ಲೇಡೀಸ್ ಹಾಸ್ಟೆಲ್ ಎಲ್ಲೆಲ್ಲಿ ಅದಾವ ಅಂತ ನೆಟ್‌ನ್ಯಾಗ ನೋಡಿದ್ನಿ. ಯಾರಿಗೂ ಹೇಳಿಲ್ಲ. ಊಟಕ್ಕ ಕುಂತಾಗ ಅಣ್ಣ ತಾನಾಗೇ ಅಂದ, ಹಾಸ್ಟೆಲ್ ಊಟ ನಿನಗ ಸೇರೂದಿಲ್ಲ ಅಂತ."

ಭಾನುವಾರ ಗೋಕಾಕಕ್ಕೆ ಬಂದು ಹುಕ್ಕೇರಿ ಬಸ್ ಹತ್ತಿದೆ. ಅವಳ ಕಂಪ್ಯೂಟರಿನಲ್ಲಿ ಅವಳಿಗೆ ಗೊತ್ತಿಲ್ಲದ ಒಂದು ಪ್ರೋಗ್ರಾಂ ಸದ್ದಿಲ್ಲದೆ ಓಡುತ್ತಿತ್ತು. ಸ್ಪೈವೇರ್. ಅವಳು ಒತ್ತಿದ ಒಂದೊಂದು ಅಕ್ಷರವನ್ನೂ, ಪಾಸ್‌ವರ್ಡ್ ಸಮೇತ, ಒಂದು ಇಮೇಲ್ ವಿಳಾಸಕ್ಕೆ ಕಳಿಸುತ್ತಿತ್ತು. ಸೆಟ್ಟಿಂಗ್ಸ್ ತೆರೆದು ನೋಡಿದರೆ, ವಿಳಾಸ ಅವಳ ಅಣ್ಣ ಮಹಾವೀರನದು.

ಈ ಸ್ಪೈವೇರ್ ಮೊದಮೊದಲು ಪುಕ್ಕಟೆ ಸಾಮಾನಿನ ಜೊತೆ ಬರುತ್ತಿತ್ತು. ಚಂದದ ಸ್ಕ್ರೀನ್‌ಸೇವರ್, ಹಾಡು ಇಳಿಸಿಕೊಳ್ಳುವ ಸಾಫ್ಟ್‌ವೇರ್, ಯಾರೋ ಕೊಟ್ಟ ನಕಲಿ ಸಿಡಿ. ನಾವು ಏನು ನೋಡುತ್ತೇವೆಂದು ಕದ್ದು ನೋಡಿ ಜಾಹೀರಾತಿನವರಿಗೆ ಮಾರುವುದು ಅದರ ಕಸುಬು. ಆಮೇಲೆ ಯಾರೋ ಅದಕ್ಕೆ 'ಸುರಕ್ಷತೆ' ಎಂದು ಹೆಸರಿಟ್ಟರು. ಮಾಲೀಕರು ಕೊಂಡರು, ಅಪ್ಪಂದಿರು ಕೊಂಡರು, ಗಂಡಂದಿರು ಕೊಂಡರು. ಈಗ ಅದಕ್ಕೆ ಇಂಟರ್ನೆಟ್ಟಿನಿಂದ ನುಸುಳಿ ಬರುವ ಕಷ್ಟವೂ ಇಲ್ಲ. ಮನೆಯವರೇ ಕೈಯಾರೆ ತಂದು ಹಾಕುತ್ತಾರೆ.

ಮಹಾವೀರ ಒಳಗೆ ಬಂದ. ವೈಶಾಲಿ ಮಾನಿಟರನ್ನು ಅವನತ್ತ ತಿರುಗಿಸಿದಳು.

"ನಿನ್ನ ಕಾಳಜಿಗಂತ ಹಾಕಿದ್ನಿ," ಅಂದ. "ಕಾಲ ಚಲೋ ಇಲ್ಲ."

"ಕಾಳಜಿ ಇದ್ದರ ನನ್ನ ಕೇಳಬೇಕಿತ್ತು. ನನ್ನ ಹೆಸರಿನಾಗ 'ಬರೂದಿಲ್ಲ' ಅಂತ ಬರದಿ. ಅದೂ ಕಾಳಜಿನ ಏನಣ್ಣಾ?"

ಅವನು ನನ್ನ ಮುಖ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಕಾಕು, ಅಂದರೆ ಅವರಿಬ್ಬರ ತಾಯಿ, ಮಗನ ಕಡೆ ನೋಡದೆ ಒಂದೇ ಮಾತು ಹೇಳಿದರು: "ವೈಶಾಲಿ, ಮೊದಲ ಅದನ್ನ ತಗಿ."

ತೆಗೆದಳು. ನಾನು ಹೇಳುತ್ತಾ ಹೋದೆ, ಅವಳೇ ಇಡೀ ಕಂಪ್ಯೂಟರ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದಳು. ನನ್ನ ಫೋನಿನಲ್ಲಿ ಎಲ್ಲ ಪಾಸ್‌ವರ್ಡ್ ಬದಲಿಸಿದಳು. ಆ ಮೇಲ್ ತನ್ನದಲ್ಲ, ಇನ್ನೊಂದು ಅವಕಾಶ ಕೊಡಿ ಎಂದು ಕೊಲ್ಹಾಪುರಕ್ಕೆ ಬರೆದಳು. ಅವರು ಒಪ್ಪಿದರು.

ಸಂದರ್ಶನಕ್ಕೆ ಹೊರಡುವ ದಿನ ಮಹಾವೀರ ಬೈಕ್ ತೆಗೆದು ನಿಂತಿದ್ದನಂತೆ, ಕೊಲ್ಹಾಪುರದ ಬಸ್ ಸಿಗುವ ಸಂಕೇಶ್ವರದ ತನಕ ಬಿಟ್ಟು ಬರುತ್ತೇನೆಂದು. "ಬ್ಯಾಡಣ್ಣಾ, ಬಸ್ ಐತಿ," ಅಂದು ಬ್ಯಾಗ್ ಹೆಗಲಿಗೇರಿಸಿ ನಡೆದಳಂತೆ.

ಸಂಜೆ ಫೋನ್ ಬಂತು. "ಅಕ್ಕಾ, ತಗೊಂಡ್ರು." ಸ್ಟಾಫ್ ರೂಮಿನಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ.

ಅಂದ ಹಾಗೆ, ನಿಮ್ಮ ಪಾಸ್‌ವರ್ಡ್ ನಿಮಗೊಬ್ಬರಿಗೇ ಗೊತ್ತು ಅಂತ ಖಾತ್ರಿ ಇದೆಯೇ?